ಷಡ್ಡಕನ ರೇಡಿಯೇಟರಿಗೆ ನಾಲ್ಕು ಫ್ಯಾನು

ನನ್ನ ಷಡ್ಡಕನ ಮನೆಯಲ್ಲಿ ಮೊದಲು ನೀರು ಕುಡಿಯುವುದು ಕಂಪ್ಯೂಟರ್, ಆಮೇಲೆ ಬಂದ ನೆಂಟರು! ಉತ್ಪ್ರೇಕ್ಷೆ ಎನ್ನುತ್ತೀರಾ? ಕಂಡದ್ದನ್ನಷ್ಟೇ ಬರೆಯಬೇಕೆಂದು ಪತ್ರಿಕೆಯ ಕೆಲಸ ನನಗೆ ಕಲಿಸಿದೆ. ಹೊಟ್ಟೆಕಿಚ್ಚನ್ನು ಬೇಕಾದರೆ ಬೇರೆ ಲೆಕ್ಕಕ್ಕೆ ಹಾಕಿಕೊಳ್ಳಿ.

ಈತ ನನ್ನ ಹೆಂಡತಿಯ ತಂಗಿಯ ಗಂಡ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಜೋಡಿಸುತ್ತಾನೆ. ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಅದನ್ನು ಓಡಿಸುವುದು ಇವನ ಹುಚ್ಚು. ಅದು ಕಾದು ಕಾದು ನಿಂತುಬಿಡುತ್ತಿತ್ತು. ಬೇರೆಯವರಾದರೆ ವೇಗ ಇಳಿಸುತ್ತಿದ್ದರು. ಇವನು ಹರಿಹರದ ಗುಜರಿಯಲ್ಲಿ ಹಳೇ ಕಾರಿನ ರೇಡಿಯೇಟರ್ ಕೊಂಡ! ಕೂಲರಿನ ಪಂಪು ಕಂಪ್ಯೂಟರಿನ ಬಿಸಿಯನ್ನು ನೀರಲ್ಲಿ ಹೊತ್ತು ತರಬೇಕು, ರೇಡಿಯೇಟರಿಗೆ ಕಟ್ಟಿದ ನಾಲ್ಕು ಫ್ಯಾನು ಆ ನೀರನ್ನು ಆರಿಸಬೇಕು.

ಹರಿಹರದಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊತ್ತು ತಂದವನು ನಾನು. "ಉಳಿದ ಕಾರು ಹಿಂದಿನ ಬಸ್ಸಿಗೆ ಬರ್ತೈತೇನ್ರಿ?" ಎಂದ ಕಂಡಕ್ಟರ್.

ಹೊಗಳಿಕೆ ಮಾತ್ರ ಪೂರ್ತಿ ಅವನಿಗೆ. ಕೊಕ್ಕನೂರಿನ ನಮ್ಮತ್ತೆ ಮೊದಲೆಲ್ಲ ಬೇಸಿಗೆಗೆ ಹರಿಹರದ ನಮ್ಮ ಮನೆಗೆ ಬರುತ್ತಿದ್ದರು. ಈಗ ಹರಿಹರದಲ್ಲಿ ದಾವಣಗೆರೆಯ ಬಸ್ಸು ಹಿಡಿಯಲು ಮಾತ್ರ ಇಳಿಯುತ್ತಾರೆ!

ಫ್ಯಾನು ಗಾಳಿಯನ್ನು ರೇಡಿಯೇಟರಿನೊಳಕ್ಕೆ ತಳ್ಳಬೇಕೋ, ಹಿಂದಿನಿಂದ ಎಳೆಯಬೇಕೋ? ಇದನ್ನು ತೀರ್ಮಾನಿಸಲು ಅವನು ಮಂಡಕ್ಕಿ ತರಿಸಿದ. ಫ್ಯಾನುಗಳನ್ನು ಹಿಂದೆ ಕಟ್ಟಿ, ಮುಂದೆ ಹಿಡಿ ಹಿಡಿ ಎರಚಿದ. ಮಂಡಕ್ಕಿ ರೇಡಿಯೇಟರಿಗೆ ಪಟಪಟನೆ ಅಂಟಿಕೊಂಡಿತು. "ಎಳೆಯೋದೇ ಸರಿ!" ಎಂದು ಕುಣಿದ.

"ಮಿಷನ್ನಿಗೆ ಮಂಡಕ್ಕಿ ಆತು, ಮಿರ್ಚಿ ಯಾವಾಗ ಹಾಕ್ತೀರಿ ಅಳಿಯಂದ್ರೆ?" ಎಂದು ಅತ್ತೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕವರಲ್ಲ. ನಾನು ಮಂಡಕ್ಕಿ ಗುಡಿಸಿದೆ.

ಅವನದೊಂದು ತಪ್ಪಾದರೂ ಸಿಗಬಾರದೇ? ಸಿಕ್ಕಿತು! ಭಾನುವಾರ ಭಾನುವಾರ ಹೋಗಿ ಅದೇ ಕುರ್ಚಿಯಲ್ಲಿ ಕೂರುವ ನನಗೆ, ಕಂಪ್ಯೂಟರ್ ನನ್ನೆದುರೇ ಮತ್ತೆ ಮತ್ತೆ ನಿಲ್ಲುವುದು ಕಂಡಿತು. ಬಗ್ಗಿ ನೋಡಿದೆ. ಮೂರು ಫ್ಯಾನು ರೇಡಿಯೇಟರಿನ ಹಿಂದೆ ಇದ್ದವು. ನಾಲ್ಕನೆಯದು ಪಕ್ಕಕ್ಕೆ ಸರಿದು, ಅದಕ್ಕೆ ಬೆನ್ನು ಹಾಕಿ, ಕೋಣೆಗೆ ಗಾಳಿ ಬೀಸುತ್ತಿತ್ತು!

ಎಲ್ಲರೂ ಇದ್ದಾಗಲೇ ಕೇಳಿದೆ: "ಅಲ್ಲಪ್ಪಾ, ಇದನ್ನ ಹಿಂದುಮುಂದು ಮಾಡಿ ಕಟ್ಟಿದ್ದೀಯಲ್ಲ! ಅದಕ್ಕೇ ನಿಲ್ತೈತೆ ನಿನ್ನ ಮಿಷನ್ನು."

"ಹೌದ್ರಿ ಅಣ್ಣಾರೆ," ಎಂದು ಅವನು ಸ್ಕ್ರೂಡ್ರೈವರ್ ಕಡೆ ನೋಡಿದ.

ಅತ್ತೆ ಸುಮ್ಮನಿರಲಿಲ್ಲ. "ವಾರವೆಲ್ಲ ಸರಿಯಾಗೇ ಇರ್ತೈತ್ರಿ. ನೀವು ಬಸ್ಸಲ್ಲಿ ಬೆವತು ಬರ್ತೀರಂತ ಇವ್ರು ಭಾನುವಾರ ಬೆಳಿಗ್ಗೆ ಬಿಚ್ಚಿ ನಿಮ್ಮ ಕುರ್ಚಿ ಕಡೆ ತಿರುಗಿಸ್ತಾರೆ. ಮಿಷನ್ನು ನಿಂತ್ರೆ ನಿಲ್ಲಲಿ ಅಂತಾರೆ."

ಬೆನ್ನಿಗಂಟಿದ್ದ ಅಂಗಿ ಆಗಲೇ ಆರಿತ್ತು. ಎದ್ದು ಕುರ್ಚಿಯನ್ನು ಆಚೆ ಎಳೆದು, "ಅದನ್ನ ಮೊದಲಿದ್ದಂಗೆ ಕಟ್ಟಪ್ಪ, ಪಾಪ ಅದು ಕಾಯ್ತೈತೆ" ಎಂದೆ.

"ಕಾಯಲಿ ಬಿಡ್ರಿ," ಎಂದು ಅವನು ಕುರ್ಚಿಯನ್ನು ಮತ್ತೆ ಫ್ಯಾನಿನ ಮುಂದಕ್ಕೆ ತಂದ. ರೇಡಿಯೇಟರಿಗೆ ಹೊಯ್ಯಲು ತುಂಬಿಟ್ಟಿದ್ದ ತಂಬಿಗೆಯನ್ನು ನನ್ನ ಕೈಗಿಟ್ಟ. "ಮೊದ್ಲು ನೀವು ಕುಡೀರಿ."