ದೊಡ್ಡಮ್ಮನ ಕಮೆಂಟು ಅಳಿಸಿದ್ದು

ಬ್ಲಾಗು ಶುರು ಮಾಡಿದವರಿಗೆಲ್ಲ ಹೀಗಾಗುತ್ತದೋ ನನಗೆ ಮಾತ್ರವೋ ಗೊತ್ತಿಲ್ಲ, ಮೊದಲ ಬರಹ ಹಾಕಿದ ಮರುಗಳಿಗೆಯೇ ಇಡೀ ಅಂತರ್ಜಾಲದ ಮಾನಮರ್ಯಾದೆ ನನ್ನ ಹೆಗಲ ಮೇಲೆ ಬಿದ್ದಂತೆನಿಸಿತು. ನಾನು ಪುತ್ತೂರಿನಲ್ಲಿ ಹೆಂಗಸರಿಗೆ ಕಾರು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕುಳಿತು ಇನ್ನೊಬ್ಬರನ್ನು ತಿದ್ದುವುದೇ ಹೊಟ್ಟೆಪಾಡು. ಆ ಚಟ ಮನೆಗೂ ಬರುತ್ತದೆಂಬುದು ಗಂಡನ ದೂರು. ಹಾಗಾಗಿ ಬ್ಲಾಗಿನ ನೆತ್ತಿಯ ಮೇಲೆ, ಅದರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, "ಸಭ್ಯ ಮಾತಿಗೆ ಮಾತ್ರ ಪ್ರವೇಶ" ಎಂದು ಬರೆದೆ. "ಮೊದಲು ಯಾರಾದರೂ ಬರಲಿ ಮಾರಾಯ್ತಿ, ಆಮೇಲೆ ಗೇಟು ಹಾಕುವಾ" ಎಂದರು ಗಂಡ. ಅವರಿಗೆ ಆನ್‌ಲೈನ್ ಸಂಸ್ಕೃತಿಯ ಬಗ್ಗೆ ಕಾಳಜಿಯೇ ಇಲ್ಲ.

ಮೊದಲ ಬರಹ ಕಾಣಿಯೂರಿನ ನನ್ನ ಚಿಕ್ಕಮ್ಮ ಮಾಡುವ ಹಲಸಿನ ಹಣ್ಣಿನ ಗಟ್ಟಿಯ ಬಗ್ಗೆ. ಎಲೆಯಲ್ಲಿ ಸುತ್ತಿ ಬೇಯಿಸುವ ಆ ಸಿಹಿ ಕಡುಬಿನ ಪರಿಮಳವನ್ನು ಹೊಗಳಿ ಹೊಗಳಿ ನನಗೇ ಹಸಿವಾಗಿತ್ತು. ಬಂದ ಮೊದಲ ಕಮೆಂಟು ಈಶ್ವರಮಂಗಲದ ದೊಡ್ಡಮ್ಮನದು. ಮೊಬೈಲಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆಂದು ಸೊಸೆ ಕಲಿಸಿಕೊಟ್ಟಿದ್ದಳಂತೆ. "ಅದು ಗಟ್ಟಿಯಾ? ಅದರಲ್ಲಿ ಗೋಡೆ ಕಟ್ಟಬಹುದು. ಬೆಲ್ಲ ಹಾಕಲಿಕ್ಕೆ ಅವಳಿಗೆ ಕೈಯೇ ಬರುದಿಲ್ಲ."

ಇವರಿಬ್ಬರೂ ಅಕ್ಕತಂಗಿಯರು. ಯಾವುದೋ ಮದುವೆಯಲ್ಲಿ ಮನೆಯವರ ಫೋಟೋಕ್ಕೆ ಅಕ್ಕನನ್ನು ಕರೆದು ತಂಗಿಯನ್ನು ಕರೆಯಲಿಲ್ಲ ಎಂದು ಶುರುವಾದ ಮುನಿಸು. ಎಷ್ಟೋ ವರ್ಷಗಳಿಂದ ಒಬ್ಬರಿಗೊಬ್ಬರು ಮಾತಿಲ್ಲ. ನಾನು ಒಂದು ಕ್ಷಣವೂ ಯೋಚಿಸದೆ ಕಮೆಂಟು ಅಳಿಸಿ, ಸಮಾಜಕ್ಕೆ ಉಪಕಾರ ಮಾಡಿದ ತೃಪ್ತಿಯಲ್ಲಿ ಚಹಾ ಕುಡಿದೆ.

ದೊಡ್ಡಮ್ಮನ ಫೋನು ಬಂತು. "ನನ್ನ ಮಾತು ಎಂತಕ್ಕೆ ತೆಗೆದದ್ದು? ಸುಳ್ಳುಂಟಾ ಅದರಲ್ಲಿ?" ಸಭ್ಯತೆಯ ಬಗ್ಗೆ ವಿವರಿಸಿದೆ. "ನಿನ್ನ ಮೂಗು ಒರೆಸಿದವಳಿಗೆ ಸಭ್ಯತೆ ಕಲಿಸ್ತೀಯಾ?" ಎಂದು ಇಟ್ಟುಬಿಟ್ಟರು.

ಸಂಜೆ ಚಿಕ್ಕಮ್ಮನ ಫೋನು. ಇವರಾದರೂ ಹೊಗಳುತ್ತಾರೆ ಎಂದುಕೊಂಡೆ.

"ಅಕ್ಕ ಎಂತದೋ ಬರೆದಿದ್ದಾಳಂತೆ, ಹೌದಾ?"

"ನೀವು ಬೇಜಾರು ಮಾಡಬೇಡಿ, ಅಳಿಸಿ ಆಯ್ತು."

"ಇಷ್ಟು ವರ್ಷದ ಮೇಲೆ ಅವಳು ನನ್ನ ಬಗ್ಗೆ ಬಾಯಿ ಬಿಟ್ಟದ್ದು. ಅದನ್ನು ಓದಲಿಕ್ಕೂ ಬಿಡಲಿಲ್ಲವಲ್ಲ ನೀನು!" ಧ್ವನಿ ಒದ್ದೆಯಾಗಿತ್ತು.

ನಾನು ಬ್ಲಾಗಿನ ಕಸದ ಬುಟ್ಟಿಗೆ ಕೈಹಾಕಿ ದೊಡ್ಡಮ್ಮನ ಮಾತನ್ನು ಎತ್ತಿ ತಂದು ಮೊದಲಿನ ಜಾಗದಲ್ಲೇ ಇಟ್ಟೆ. ಊಟ ಮುಗಿಸುವಷ್ಟರಲ್ಲಿ ಚಿಕ್ಕಮ್ಮನ ಉತ್ತರ ಬಂದಿತ್ತು: "ಸಕ್ಕರೆ ಕಾಯಿಲೆಯವಳಿಗೆ ಬೆಲ್ಲದ ಚಿಂತೆ ಎಂತಕ್ಕೆ?" ಅದಕ್ಕೆ ಇವರು, ಇವರಿಗೆ ಅವರು. ಮನೆಯಲ್ಲಿ ಇಬ್ಬರದೂ ತುಳು. ಊರೆಲ್ಲ ಓದುತ್ತದೆಂದು ಜಗಳವನ್ನು ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ನಡೆಸಿದರು. ಓದುಗರು ನಿಜವಾಗಿಯೂ ಬಂದರು, ನನ್ನ ಬರಹವನ್ನು ದಾಟಿಕೊಂಡು ನೇರ ಕೆಳಗೆ. ಕಾರು ಕಲಿಯಲು ಬಂದವರೂ ಕ್ಲಚ್ ಒತ್ತುತ್ತಾ ಕೇಳುತ್ತಿದ್ದರು, "ಮೇಡಂ, ದೊಡ್ಡಮ್ಮ ಎಂತ ಹೇಳಿದ್ರು ಮತ್ತೆ?"

ಕೊನೆಗೆ ದೊಡ್ಡಮ್ಮ ಬರೆದರು: "ಅಷ್ಟು ಧೈರ್ಯ ಉಂಟಾದರೆ ಇಲ್ಲಿಗೆ ಬಂದು ಮಾಡಿ ತೋರಿಸು."

ಭಾನುವಾರ ಚಿಕ್ಕಮ್ಮನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮಡಿಲಲ್ಲಿ ಹಲಸಿನ ಸೊಳೆಯ ಡಬ್ಬ ಹಿಡಿದು ಕುಳಿತ ಅವರು ದಾರಿಯುದ್ದಕ್ಕೂ ಅದರ ಮುಚ್ಚಳ ಒತ್ತಿ ಒತ್ತಿ ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ಸಪೂರ ಆಗಿದ್ದೀ!" ಎಂದು ತುಳುವಿನಲ್ಲಿ ಬೈದರು. ಆಮೇಲೆ ಇಬ್ಬರೂ ಒಳಗೆ ಹೋದರು, ನನ್ನನ್ನು ಯಾರೂ ಕರೆಯಲಿಲ್ಲ. ಇಬ್ಬರೂ ಸುತ್ತಿಟ್ಟ ಗಟ್ಟಿ ಬೆಂದು ಬಂದಾಗ ಯಾರದು ಯಾವುದೆಂದು ಅವರಿಗೇ ಮರೆತುಹೋಗಿತ್ತು.

ಈಗ ಅವರು ದಿನಾ ಫೋನಿನಲ್ಲೇ ಮಾತಾಡಿಕೊಳ್ಳುತ್ತಾರೆ. ನನಗೆ ಸಂತೋಷವೇ. ಬ್ಲಾಗು ಮಾತ್ರ ಬಿಕೋ ಎನ್ನುತ್ತಿತ್ತು. "ಅಂತರ್ಜಾಲದಲ್ಲಿ ವಿನಯ" ಎಂಬ ನನ್ನ ದೀರ್ಘ ಲೇಖನವನ್ನು ಗಂಡನೂ ಅರ್ಧಕ್ಕೆ ಬಿಟ್ಟರು. ಎರಡು ವಾರ ತಡೆದುಕೊಂಡೆ. ನಿನ್ನೆ ಕುಳಿತು ಬರೆದೆ: "ನಮ್ಮ ಕುಟುಂಬದಲ್ಲಿ ಮಿಡಿ ಉಪ್ಪಿನಕಾಯಿ ಹಾಕಲು ಬರುವುದು ದೊಡ್ಡಮ್ಮನಿಗೆ ಮಾತ್ರ." ಈಗ ಚಿಕ್ಕಮ್ಮನ ಕಾಣಿಯೂರಿನಲ್ಲಿ ಕರೆಂಟು, ನೆಟ್‌ವರ್ಕು ಎಲ್ಲ ಸರಿ ಉಂಟಾ ಎಂದು ವಿಚಾರಿಸುತ್ತಾ ಕುಳಿತಿದ್ದೇನೆ.