ಜ್ಯಾಮ್ ಡೋನಟ್ ಮತ್ತು ಹನ್ನೆರಡನೆಯ ಜಾಗ

ಟೇವಿಯಾ ಮೇಬ್ರಿಯ ಕಾಲು ಉಳುಕಿದ್ದು ಬ್ಯಾಸ್ಕೆಟ್‌ಬಾಲ್ ಆಡುವಾಗ ಅಲ್ಲ, ಡೋನಟ್ ಹೊತ್ತು ಮೆಟ್ಟಿಲು ಹತ್ತುವಾಗ.

ಡೇಟನ್ ಹೆರನ್ಸ್ ಮಹಿಳಾ ತಂಡಕ್ಕೆ ಹೊಸದಾಗಿ ಬಂದವರಿಗೆ ಆಟದ ಜೊತೆಗೆ ಎರಡು ಕೆಲಸ. ಬೆಳಿಗ್ಗೆ ಹಿರಿಯ ಆಟಗಾರ್ತಿಯರಿಗೆ ಡೋನಟ್ ತರಬೇಕು, ಅಭ್ಯಾಸ ಮುಗಿದ ಮೇಲೆ ಅವರ ಚೀಲ ಹೊರಬೇಕು. ಇದನ್ನು ಯಾವ ಕರಾರಿನಲ್ಲೂ ಬರೆದಿಲ್ಲ. ಆದರೆ ಕರಾರಿನಲ್ಲಿ ಬರೆದದ್ದಕ್ಕಿಂತ ಕಟ್ಟುನಿಟ್ಟಾಗಿ ನಡೆಯುತ್ತದೆ. ಮೇ ತಿಂಗಳ ಆ ಗುರುವಾರ ಎರಡೂ ಸರದಿ ಟೇವಿಯಾಳದು. ಅದೇ ಗುರುವಾರ ಸಂಜೆ ಐದಕ್ಕೆ ತಂಡದ ಹನ್ನೆರಡು ಹೆಸರುಗಳ ಪಟ್ಟಿ ಲೀಗ್ ಕಚೇರಿ ಸೇರಬೇಕಿತ್ತು. ಹನ್ನೊಂದು ಹೆಸರು ಖಚಿತವಾಗಿದ್ದವು. ಉಳಿದ ಒಂದು ಜಾಗಕ್ಕೆ ಇಬ್ಬರಿದ್ದರು: ಮಿಸಿಸಿಪ್ಪಿಯ ಟೇವಿಯಾ ಮತ್ತು ಮಿನೆಸೋಟದ ಕೋರಾ ಲಿಂಡ್‌ಕ್ವಿಸ್ಟ್.

ಊರಿನಲ್ಲಿ ಟೇವಿಯಾಳ ಅಜ್ಜಿಯ ಚರ್ಚಿನವರು ಆಗಲೇ ನಲವತ್ತು ನೇರಳೆ ಬಣ್ಣದ ಟೀ ಶರ್ಟು ಮಾಡಿಸಿ, ಬೆನ್ನ ಮೇಲೆ 'ಮೇಬ್ರಿ' ಎಂದು ಅಚ್ಚು ಹಾಕಿಸಿಬಿಟ್ಟಿದ್ದರು. ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಜ್ಜಿ ಫೋನಿನಲ್ಲಿ ಎರಡು ಸಲ ಹೇಳಿದ್ದರು.

ಬೆಳಿಗ್ಗೆ ಎಂಟೂ ಹತ್ತಕ್ಕೆ ಟೇವಿಯಾ ನಾಲ್ಕು ಡೋನಟ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಗಲ್ಲದಿಂದ ಒತ್ತಿ ಹಿಡಿದು, ಅಭ್ಯಾಸದ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಳು. ಮೇಲಿನ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿತ್ತು. ಅದರೊಳಗಿಂದ ಒಂದು ಜ್ಯಾಮ್ ಡೋನಟ್ ಹೊರಬಿದ್ದು, ಮೂರನೆಯ ಮೆಟ್ಟಿಲಿನ ಮೇಲೆ ಬಾಡಿಗೆದಾರನಂತೆ ಆರಾಮಾಗಿ ಕೂತಿತು. ಟೇವಿಯಾಳ ಎಡಗಾಲು ನೇರ ಅದರ ಮೇಲೆ ಬಿತ್ತು. ಜ್ಯಾಮ್ ಒಂದು ಕಡೆ ಹೋಯಿತು, ಕಾಲು ಇನ್ನೊಂದು ಕಡೆ. ಅವಳು ಕುಸಿದಳು. ಪೆಟ್ಟಿಗೆಗಳನ್ನು ಮಾತ್ರ ಕೈಬಿಡಲಿಲ್ಲ.

ಬಾಗಿಲ ಕಾವಲಿನ ಓಟಿಸ್ ಮುದುಕ ಎದ್ದು ಬಂದು ಮೊದಲು ಪೆಟ್ಟಿಗೆಗಳನ್ನು ಎಣಿಸಿದ. ಆಮೇಲೆ ಅವಳ ಕಾಲು ನೋಡಿದ. ಕಣಕಾಲು ಆಗಲೇ ಬನ್ನಿನಂತೆ ಉಬ್ಬತೊಡಗಿತ್ತು.

"ಮುರಿದಿಲ್ಲ, ಉಳುಕಿದೆ ಅಷ್ಟೆ," ಎಂದ.

"ಮಿಸ್ ಪ್ರ್ಯಾಟ್‌ಗೆ ತೋರಿಸಿಬಿಡ್ತೀನಿ," ಎಂದಳು ಟೇವಿಯಾ. ಪ್ರ್ಯಾಟ್ ತಂಡದ ಚಿಕಿತ್ಸಕಿ.

"ತಲೆ ಸರಿ ಇದೆಯಾ ಮಗಳೇ? ಇವತ್ತು ಯಾವ ದಿನ ಗೊತ್ತಲ್ಲ? ಹತ್ತೊಂಬತ್ತು ವರ್ಷ ಇದನ್ನೇ ನೋಡಿಕೊಂಡು ಬಂದೋನು ನಾನು. ಕುಂಟಿದರೆ ಮುಗೀತು. ಬೆಳಿಗ್ಗೆ ಕುಂಟಿದ್ದು ಕಣ್ಣಿಗೆ ಬಿತ್ತು ಅಂದರೆ ಮಧ್ಯಾಹ್ನದೊಳಗೆ ಗಾಡಿ ಹತ್ತಿಸಿ ಕಳಿಸಿಬಿಡ್ತಾರೆ. ಎಷ್ಟು ಚೆನ್ನಾಗಿ ಓಡ್ತಿದ್ದವು, ಪಾಪ."

ಆ ಮಾತಿನ ಕೊನೆಯನ್ನು ಟೇವಿಯಾ ಸರಿಯಾಗಿ ಗಮನಿಸಲಿಲ್ಲ. ನಲವತ್ತು ಟೀ ಶರ್ಟುಗಳು ಅವಳ ಕಣ್ಣ ಮುಂದೆ ಹಗ್ಗದ ಮೇಲೆ ಒಣಗುತ್ತಿದ್ದವು.

"ಮತ್ತೆ ಏನು ಮಾಡಲಿ?"

"ನೆಟ್ಟಗೆ ನಡಿ. ಮುಖದಲ್ಲಿ ನಗು ಇರಲಿ. ಐದು ಗಂಟೆ ತನಕ ತಾನೇ." ಅವನು ತನ್ನ ಊಟದ ಡಬ್ಬಿಯಿಂದ ಮಂಜುಗಟ್ಟಿದ ಫಿಶ್ ಫಿಂಗರ್ ಪೊಟ್ಟಣ ತೆಗೆದು, ಅವಳ ಕಾಲುಚೀಲದೊಳಗೆ ತುರುಕಿ, ಮೇಲೆ ಕಪ್ಪು ಟೇಪು ಸುತ್ತಿದ. "ಊತ ಇಳಿಯುತ್ತೆ. ಪೊಟ್ಟಣ ವಾಪಸು ಕೊಡು. ಅದು ನನ್ನ ಊಟ."

ಒಂಬತ್ತರ ಸಭೆಯಲ್ಲಿ ಟೇವಿಯಾ ಕೊನೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಪಕ್ಕದಲ್ಲಿ ಡೀ ರಾಲಿನ್ಸ್. ಡೀ ಮೂವತ್ತನಾಲ್ಕು ವರ್ಷದವಳು, ಹನ್ನೆರಡು ಸೀಸನ್ ಆಡಿದವಳು. ತಂಡದಲ್ಲಿ ಅವಳಿಗೆ ಅಂಜದಿದ್ದುದು ಬಹುಶಃ ಚೆಂಡು ಮಾತ್ರ. ಕಾಲು ಗಂಟೆಯಲ್ಲಿ ಕೋಣೆ ಬೆಚ್ಚಗಾಯಿತು, ಪೊಟ್ಟಣದ ಮಂಜು ಕರಗಿತು. ಡೀ ಮೂಗು ಅರಳಿಸಿದಳು.

"ಯಾರೋ ಮೀನು ತಂದಿದಾರೆ."

ಟೇವಿಯಾ ಕಪ್ಪುಹಲಗೆಯ ಕಡೆಗೇ ನೋಡುತ್ತಿದ್ದಳು.

"ಮರಿ, ನಿನ್ನ ಡೋನಟ್‌ನಲ್ಲಿ ಮೀನು ಹಾಕಿದಾರಾ?"

"ಇಲ್ಲ ಮೇಡಂ. ಜ್ಯಾಮ್."

"ನನ್ನ ಜ್ಯಾಮ್ ಡೋನಟ್ ಎಲ್ಲಿ ಹಾಗಾದರೆ? ಐದು ಹೇಳಿದ್ದೆ, ನಾಲ್ಕೇ ಇವೆ."

"ಒಂದು ದಾರೀಲಿ ಅಪಘಾತಕ್ಕೆ ಸಿಕ್ತು ಮೇಡಂ."

ಡೀ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹೆದರಿಕೆಗೆ ಬೆವರುತ್ತಿದ್ದಾಳೆ ಎಂದುಕೊಂಡಳೇನೋ. ಅಷ್ಟಕ್ಕೇ ಬಿಟ್ಟಳು.

ಹತ್ತಕ್ಕೆ ಅಭ್ಯಾಸ. ಕೋಚ್ ಬರ್ನಡೆಟ್ ಹಾಲ್ ಹದಿನೆಂಟು ದಿನದಿಂದ ಟೇವಿಯಾಳಿಗೆ ಹೇಳುತ್ತಿದ್ದುದು ಒಂದೇ ಮಾತು: ಮೂಲೆಯಲ್ಲಿ ನಿಲ್ಲು. ಚೆಂಡು ನಿನ್ನ ಹತ್ತಿರ ಬರುತ್ತದೆ, ನೀನು ಅದರ ಹಿಂದೆ ಹೋಗಬೇಡ. ಹದಿನೆಂಟು ದಿನದಿಂದ ಟೇವಿಯಾ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ಅಂಕಣದ ತುಂಬ ಓಡುತ್ತಿದ್ದಳು. ಇವತ್ತು ಓಡುವ ಪ್ರಶ್ನೆಯೇ ಇರಲಿಲ್ಲ. ಬಲಗಾಲಿನ ಮೇಲೆ ಭಾರ ಹಾಕಿ, ಮೂಲೆಯಲ್ಲಿ ಕೊಕ್ಕರೆಯಂತೆ ನಿಂತಳು. ಚೆಂಡು ಬಂತು. ಎಸೆದಳು. ಬಿತ್ತು. ಮತ್ತೆ ಬಂತು. ಮತ್ತೆ ಬಿತ್ತು. ದೂರದಿಂದ ಒಂಬತ್ತು ಸಲ ಎಸೆದು ಏಳು ಸಲ ಬುಟ್ಟಿಗೆ ಹಾಕಿದಳು.

ಕೋಚ್ ಶಿಳ್ಳೆ ಊದಿ ಎಲ್ಲರನ್ನೂ ನಿಲ್ಲಿಸಿದರು. "ಎಲ್ಲರೂ ಇವಳನ್ನ ನೋಡಿ. ಕೊನೆಗೂ ಒಬ್ಬಳಿಗೆ ನನ್ನ ಮಾತು ಕಿವಿಗೆ ಬಿತ್ತು. ಎಷ್ಟು ಸಂಯಮ."

ಟೇವಿಯಾ ನಕ್ಕಳು. ಕಣ್ಣಲ್ಲಿ ನೀರಿತ್ತು. ಆನಂದಬಾಷ್ಪ ಎಂದು ಕೋಚ್ ತಿಳಿದರು.

ಅಭ್ಯಾಸ ಮುಗಿದಾಗ ನಿಜವಾದ ಗಂಡಾಂತರ ಎದುರಾಯಿತು. ಡೀ ತನ್ನ ಚೀಲವನ್ನು ಟೇವಿಯಾಳ ಮುಂದೆ ಇಟ್ಟು, "ಮೇಲಕ್ಕೆ," ಎಂದು ಹೇಳಿ ಹೋದಳು. ಆ ಚೀಲದಲ್ಲಿ ಕಾಲೊತ್ತುವ ಯಂತ್ರ, ಇಸ್ತ್ರಿಪೆಟ್ಟಿಗೆ, ಆರು ಜೊತೆ ಬೂಟು, ಜೊತೆಗೆ ಡೀ ಓದುತ್ತಿದ್ದ ಕಾನೂನು ಪುಸ್ತಕಗಳಿದ್ದವು. ಮೇಲೆ ಎಂದರೆ ಇಪ್ಪತ್ತೆರಡು ಮೆಟ್ಟಿಲು. ಡೋನಟ್ ಇಲ್ಲದೆಯೂ ಅಸಾಧ್ಯವಾದ ಕೆಲಸ.

ಕೋರಾ ಪಕ್ಕದಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದಳು.

"ಕೋರಾ, ಇವತ್ತೊಂದು ದಿನ ಈ ಚೀಲ ನೀನು ಒಯ್ತೀಯಾ? ಮುಂದಿನ ವಾರ ಪೂರ್ತಿ ನಿನ್ನ ಸರದಿ ನಾನು ಮಾಡ್ತೀನಿ."

"ಮುಂದಿನ ವಾರ ನಮ್ಮಿಬ್ಬರಲ್ಲಿ ಒಬ್ಬರು ಇರೋದಿಲ್ಲ ಕಣೇ."

"ಇದ್ದವರು ಮಾಡೋಣ."

ಕೋರಾ ಒಳ್ಳೆಯ ಹುಡುಗಿ. ತನ್ನ ಜಾಗಕ್ಕೆ ಪೈಪೋಟಿಗೆ ನಿಂತವಳಿಗೂ ಬಾಗಿಲು ಹಿಡಿದು ನಿಲ್ಲುವವಳು. "ಆಯ್ತು ಬಿಡು," ಎಂದು ಚೀಲ ಎತ್ತಿದಳು. ಮೆಟ್ಟಿಲ ಅರ್ಧದಲ್ಲಿ ಒಮ್ಮೆ ಕೆಳಗಿಟ್ಟು, ಕೈ ಕೊಡವಿಕೊಂಡು, ಮತ್ತೆ ಎತ್ತಿದಳು. ಟೇವಿಯಾ ಕೆಳಗಿನಿಂದ ಅದನ್ನು ನೋಡಿ, ತನ್ನ ಉಪಾಯವನ್ನು ತಾನೇ ಮೆಚ್ಚಿಕೊಂಡಳು.

ಮಧ್ಯಾಹ್ನ ಅವಳು ಊಟದ ಕೋಣೆಗೇ ಹೋಗಲಿಲ್ಲ. ಓಟಿಸ್‌ನ ಕುರ್ಚಿಯ ಹಿಂದೆ ಕೂತು ಕಾಲು ಮೇಲಿಟ್ಟಳು. ಓಟಿಸ್ ಅವಳ ಕಾಲುಚೀಲದಿಂದ ವಾಪಸು ಬಂದ ಫಿಶ್ ಫಿಂಗರ್ ಬಿಸಿ ಮಾಡಿಕೊಂಡು ತಿಂದ.

"ಹ್ಯಾಗಿದೆ?" ಎಂದಳು ಟೇವಿಯಾ ಸಂಕೋಚದಿಂದ.

"ಸ್ವಲ್ಪ ಉಪ್ಪು ಜಾಸ್ತಿ," ಎಂದ ಓಟಿಸ್.

ನಾಲ್ಕಕ್ಕೆ ಕೊನೆಯ ತಪಾಸಣೆ. ಮಿಸ್ ಪ್ರ್ಯಾಟ್‌ಗೆ ಅದೃಷ್ಟಕ್ಕೆ ನೆಗಡಿಯಾಗಿತ್ತು, ಮೀನು ಮೂಗಿಗೆ ತಾಗಲಿಲ್ಲ. ಅವಳು ಟೇವಿಯಾಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

"ಬಲಗಾಲ ಮೇಲೆ ಹತ್ತು ಎಣಿಸೋ ತನಕ."

ಟೇವಿಯಾ ನಿಂತಳು. ಹತ್ತಲ್ಲ, ಇಪ್ಪತ್ತು ಎಣಿಸುವ ತನಕ ನಿಂತಳು.

"ಈಗ ಎಡಗಾಲು." ಅಷ್ಟರಲ್ಲಿ ಪ್ರ್ಯಾಟ್‌ಗೆ ಸೀನು ಬಂತು. ಒಂದಲ್ಲ, ಸಾಲಾಗಿ ನಾಲ್ಕು. ಅವಳು ಕರವಸ್ತ್ರದಿಂದ ಮುಖ ಎತ್ತುವಷ್ಟರಲ್ಲಿ ಟೇವಿಯಾ ಗೋಡೆಗೆ ಬೆನ್ನು ಮಾಡಿ ತಿರುಗಿ, ಅದೇ ಬಲಗಾಲಿನ ಮೇಲೆ ಬಂಡೆಯಂತೆ ನಿಂತಿದ್ದಳು.

"ಇದೂ ಗಟ್ಟಿ ಇದೆ," ಎಂದು ಪ್ರ್ಯಾಟ್ ಗುರುತು ಹಾಕಿದಳು. "ಯಾವ ಗಾಯವೂ ಇಲ್ಲ ಅಂತ ಇಲ್ಲಿ ಸಹಿ ಮಾಡು. ಪೂರ್ತಿ ಖಚಿತ ತಾನೇ? ಸಹಿ ಆದ ಮೇಲೆ ನಾನೂ ಬದಲಾಯಿಸೋಕಾಗಲ್ಲ."

"ಪೂರ್ತಿ ಖಚಿತ ಮೇಡಂ," ಎಂದು ಟೇವಿಯಾ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ಆಗ ನಾಲ್ಕು ಗಂಟೆ ಹತ್ತು ನಿಮಿಷ.

ನಾಲ್ಕೂ ನಲವತ್ತಕ್ಕೆ ಕೋಚ್ ಕರೆಸಿದರು. ಟೇವಿಯಾ ಅವರ ಕೋಣೆಗೆ ರಾಣಿಯಂತೆ ನಡೆದು ಹೋದಳು. ನೋವಿಗೆ ಪ್ರತಿ ಹೆಜ್ಜೆಗೂ ಒಬ್ಬೊಬ್ಬ ದೇವದೂತನನ್ನು ಕಂಡಳು.

"ಕೂತ್ಕೋ. ಇವತ್ತಿನ ನಿನ್ನ ಆಟ ಈ ಶಿಬಿರದಲ್ಲೇ ಅತ್ಯುತ್ತಮ. ಮಧ್ಯಾಹ್ನ ಹನ್ನೆರಡಕ್ಕೆ ಆ ಜಾಗ ನಿನಗೇ ಅಂತ ಬರೆದಿಟ್ಟಿದ್ದೆ."

"ಥ್ಯಾಂಕ್ಯೂ ಕೋಚ್."

"ಪೂರ್ತಿ ಕೇಳು. ಊಟದಲ್ಲಿ ಕೋರಾ ಕೈಯಿಂದ ಚಮಚ ಜಾರಿ ಸೂಪು ಮೈಮೇಲೆ ಚೆಲ್ಲಿಕೊಂಡಳು. ಡೀ ಬಿಡಲಿಲ್ಲ, ಕೈ ಹಿಡಿದು ಪ್ರ್ಯಾಟ್ ಹತ್ತಿರ ಎಳಕೊಂಡು ಹೋದಳು. ಮಣಿಕಟ್ಟು ಉಳುಕಿದೆ. ಮೂರು ವಾರ. ಯಾವುದೋ ಚೀಲ ಎತ್ತಿ ಆಗಿದ್ದಂತೆ."

ಟೇವಿಯಾ ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

"ಶಿಬಿರದಲ್ಲಿ, ತಂಡದ ಕಟ್ಟಡದಲ್ಲಿ ಗಾಯ ಮಾಡಿಕೊಂಡವರನ್ನ ವಾಸಿ ಆಗೋ ತನಕ ತೆಗೆಯೋ ಹಾಗಿಲ್ಲ. ಕೈಪಿಡಿಯ ಐವತ್ತೊಂದನೇ ಪುಟ. ಡೀ ಬಾಯಿಪಾಠ ಒಪ್ಪಿಸಿದಳು, ಕಾನೂನು ಓದ್ತಿದಾಳಲ್ಲ. ಕೋರಾಳನ್ನ ಇಟ್ಟುಕೊಳ್ಳಲೇಬೇಕು. ಅಲ್ಲಿಗೆ ಹನ್ನೆರಡು. ತೆಗೆಯೋಕೆ ನನಗಿರೋದು ಒಬ್ಬಳೇ, ಪೂರ್ತಿ ಆರೋಗ್ಯವಾಗಿರೋ ಹುಡುಗಿ." ಅವರು ಸಹಿಯ ಹಾಳೆಯನ್ನು ಬೆರಳಿನಿಂದ ತಟ್ಟಿದರು. "ನಿನಗೆ ಒಂದು ಸಣ್ಣ ಉಳುಕಾದರೂ ಇದ್ದಿದ್ದರೆ ಲೀಗಿನವರನ್ನ ಕೇಳಿ ಇಬ್ಬರನ್ನೂ ಇಟ್ಟುಕೊಳ್ತಿದ್ದೆ."

ಟೇವಿಯಾ ಬಗ್ಗಿ, ಕಪ್ಪು ಟೇಪು ಬಿಚ್ಚಿ, ಕಾಲುಚೀಲ ಇಳಿಸಿದಳು. ಕಣಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎಲ್ಲಿಯೋ ಉಳಿದಿದ್ದ ಒಂದು ಫಿಶ್ ಫಿಂಗರ್ ಕೋಚ್‌ರ ನೆಲಹಾಸಿನ ಮೇಲೆ ಬಿತ್ತು.

ಕೋಚ್ ಕಾಲನ್ನು ನೋಡಿದರು. ಮೀನನ್ನು ನೋಡಿದರು. ಗಡಿಯಾರ ನೋಡಿದರು.

"ಯಾವಾಗ ಆಯ್ತು?"

"ಬೆಳಿಗ್ಗೆ ಎಂಟೂ ಹತ್ತಕ್ಕೆ. ನಮ್ಮ ಮೆಟ್ಟಿಲ ಮೇಲೇ."

"ನಾಲ್ಕೂ ಹತ್ತಕ್ಕೆ ಏನೂ ಇಲ್ಲ ಅಂತ ಸಹಿ ಹಾಕಿದೀಯ. ಪಟ್ಟಿ ನಾಲ್ಕೂವರೆಗೆ ಹೋಯ್ತು, ಇನ್ನು ತಿದ್ದೋ ಹಾಗಿಲ್ಲ." ಕೋಚ್ ಹಣೆ ಒತ್ತಿಕೊಂಡರು. "ಈ ಕಾಲಲ್ಲಿ ಒಂಬತ್ತಕ್ಕೆ ಏಳು."

"ವಾಸಿಯಾದ ಮೇಲೆ ಮತ್ತೆ ಬರಬಹುದಾ ಕೋಚ್?"

"ಬಾ. ಜಾಗ ಖಾಲಿಯಾದರೆ ಮೊದಲ ಫೋನು ನಿನಗೇ." ಅವರು ಸ್ವಲ್ಪ ಯೋಚಿಸಿದರು. "ನನಗೆ ಒಂದೇ ಹೆದರಿಕೆ. ವಾಸಿಯಾದರೆ ನೀನು ಮತ್ತೆ ಓಡೋಕೆ ಶುರು ಮಾಡ್ತೀಯ."

ಆ ದಿನ ಮೊದಲ ಬಾರಿಗೆ ಟೇವಿಯಾ ಮನಸಾರೆ ಕುಂಟಿದಳು. ಹಜಾರದುದ್ದಕ್ಕೂ ಯಾರ ಭಯವೂ ಇಲ್ಲದೆ ಕುಂಟಿಕೊಂಡು ಬಾಗಿಲಿಗೆ ಬಂದಳು. ಕೋರಾ ಕೈಗೆ ಪಟ್ಟಿ ಕಟ್ಟಿಕೊಂಡು ಎದುರಾಗಿ, ಅಪ್ಪಿಕೊಂಡು ಅತ್ತಳು. ಅವಳ ಹಿಂದೆ ಡೀ ತನ್ನ ಚೀಲವನ್ನು ತಾನೇ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಇದೇ ಮೊದಲು.

ಓಟಿಸ್ ಕುರ್ಚಿ ಸರಿಸಿ ಕೊಟ್ಟ. "ಏನಾಯ್ತು?"

"ತೆಗೆದರು."

"ಕುಂಟಿದೆಯಾ?"

"ಒಂದು ಹೆಜ್ಜೆಯೂ ಇಲ್ಲ. ಅದಕ್ಕೇ ತೆಗೆದರು. ಇಲ್ಲಿ ಕುಂಟಿದವರನ್ನ ಇಟ್ಟುಕೊಳ್ತಾರಂತೆ ಓಟಿಸ್. ಹತ್ತೊಂಬತ್ತು ವರ್ಷ ನೀವು ನೋಡಿದ್ದು ಯಾವ ತಂಡ?"

ಓಟಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ತಂಡ ಅಲ್ಲ ಮಗಳೇ. ಇಲ್ಲಿಗೆ ಬಂದು ಎರಡೇ ವರ್ಷ. ಅದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ರೇಸ್ ಕುದುರೆ ಲಾಯದಲ್ಲಿದ್ದೆ."

ಟೇವಿಯಾ ಅವನ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ಅವಳಿಗೆ ನಗು ಬಂತು. ತಡೆಯಲು ಹೋದರೆ ಕಾಲು ನೋಯುತ್ತಿತ್ತು, ತಡೆಯುವುದನ್ನು ಬಿಟ್ಟಳು.

"ಕುಂಟಿದ ಕುದುರೆಗಳನ್ನ ಗಾಡಿ ಹತ್ತಿಸಿ ಎಲ್ಲಿಗೆ ಕಳಿಸ್ತಿದ್ದರು?"

"ಕೆಂಟಕಿಗೆ. ಒಳ್ಳೆ ಹುಲ್ಲುಗಾವಲು. ಕೆಲಸ ಇಲ್ಲ, ಕಾರ್ಯ ಇಲ್ಲ, ಸುಮ್ಮನೆ ಮೇಯೋದು." ಓಟಿಸ್ ಮೇಜಿನ ಕೆಳಗಿನಿಂದ ಬೆಳಿಗ್ಗೆಯ ಪೆಟ್ಟಿಗೆ ತೆಗೆದು ಮುಂದೆ ಹಿಡಿದ. ಅದರಲ್ಲಿ ಒಂದೇ ಒಂದು ಜ್ಯಾಮ್ ಡೋನಟ್ ಉಳಿದಿತ್ತು.

ಟೇವಿಯಾ ಉಳುಕಿದ ಕಾಲನ್ನು ಖಾಲಿ ಪೆಟ್ಟಿಗೆಯ ಮೇಲೆ ಚಾಚಿಕೊಂಡು, ಮೇಯಲು ಶುರು ಮಾಡಿದಳು.