ನಮಸ್ಕಾರ, ಹೊಳಿಯಮ್ಮ

ಭಾಗ್ಯನಗರದ ಕೂದಲು ಕಾರ್ಖಾನೆಯ ಬೀಗ ಇನ್ನೂ ತೆಗೆದಿರಲಿಲ್ಲ. ಕೆಲಸದವರೆಲ್ಲ ಅಂದು ಎಂದಿಗಿಂತ ಬೇಗ ಬಂದು ಹೊರಗೆ ಸಾವ್ಕಾರ ಗುರುಬಸವನ ದಾರಿ ಕಾಯುತ್ತ ನಿಂತಿದ್ದರು. ಆಗ ಒಳಗಿನಿಂದ ಹಾಜರಿ ಯಂತ್ರ ಮೆಲ್ಲಗೆ, "ನಮಸ್ಕಾರ, ಹೊಳಿಯಮ್ಮ. ಬನ್ನಿ" ಎಂದಿತು.

ಅವರ ಜೊತೆ ಕೆಲಸ ಮಾಡುತ್ತಿದ್ದ ಹೊಳಿಯಮ್ಮ ಸತ್ತು ಆಗಲೇ ತಿಂಗಳಾಗಿತ್ತು.

ಎಲ್ಲರಿಗಿಂತ ಹೆಚ್ಚು ಬೆವರಿದವನು ವೆಂಕೋಬ. ದಿನವಿಡೀ ಕೂದಲು ಬಾಚುವ ಕೆಲಸ ಅವನದು. ಅವನ ತಲೆ ಮಾತ್ರ ಬೆಳಗಿಟ್ಟ ಹಿತ್ತಾಳೆ ಚೊಂಬು. ಆ ಕೊರತೆ ತುಂಬಲೆಂದೇ ಬೆಳೆದಂತಿದ್ದ ಮೀಸೆಯನ್ನು ಅವನು ಕೂಸಿನಂತೆ ಸಾಕಿದ್ದ. ಕೆಲಸದವರ ಪ್ರತಿನಿಧಿ ಬೇರೆ. ಬಾಚುವ ಹೊಸ ಯಂತ್ರಕ್ಕೆ ಸರಕಾರ ಅರ್ಧ ಹಣ ಕೊಡುವುದಿತ್ತು, ಆದರೆ ಕೆಲಸದವರು ಒಪ್ಪಿ ಕೈ ಎತ್ತಿದರೆ ಮಾತ್ರ. ಮುಖ ನೋಡಿ ಹೆಸರು ಕರೆಯುವ ಈ ಹಾಜರಿ ಯಂತ್ರವೂ ಅದೇ ಯೋಜನೆಯದು. ಮಧ್ಯಾಹ್ನ ಯೋಜನೆಯ ಅಧಿಕಾರಿ ಸುರೇಖಾ ಮೇಡಂ ಬಂದು ಕೈ ಎಣಿಸುವವರಿದ್ದರು. ಎಲ್ಲರ ಕೈ ಎತ್ತಿಸಿದರೆ ಹೊಸ ಯಂತ್ರದ ಕೆಲಸ ವೆಂಕೋಬನಿಗೆ, ಇಲ್ಲದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದು ಸಾವ್ಕಾರ ಹೇಳಿಬಿಟ್ಟಿದ್ದ.

"ನಾ ಒಳಗ ಕಾಲಿಡಂಗಿಲ್ಲ," ಎಂದಳು ಜೊತೆಗೆ ಬಾಚುವ ಬಾಷಾಬಿ. "ಸತ್ತಾಕಿನ್ನ ಕರಿಯೋ ಮಷೀನಿಗೆ ನಾ ಕೈ ಎತ್ತಲೇನು?"

ಉಳಿದವರೂ ಹಿಂದೆ ಸರಿದರು. ಸಾವ್ಕಾರ ಬಂದು ಬೀಗವೇನೋ ತೆಗೆದ, ಒಳಗೆ ತಳ್ಳಿದ್ದು ಮಾತ್ರ ವೆಂಕೋಬನನ್ನು.

ಒಳಗೆ ಕತ್ತಲು. ಒಂದೇ ಕಿಟಕಿಯಿಂದ ಬಿಸಿಲಿನ ಕೋಲು ಬಿದ್ದಿತ್ತು. ತೂಗುಬಿಟ್ಟ ಕೂದಲಿನ ಕಟ್ಟುಗಳು ಗಾಳಿಯಿಲ್ಲದೆಯೂ ಅಲುಗಿದಂತಿದ್ದವು. ಅವುಗಳಲ್ಲೊಂದು ಅವನ ಕುತ್ತಿಗೆ ಸವರಿತು.

"ಹೊಳಿಯಮ್ಮಕ್ಕ, ನಿನ್ನ ಬುತ್ತ್ಯಾಗಿನ ಚಟ್ನಿ ಬಿಟ್ರ ನಾ ಏನೂ ಕದ್ದಿಲ್ಲ," ಎಂದು ವೆಂಕೋಬ ಕತ್ತಲೆಗೆ ಕೈ ಮುಗಿದ.

"ನಮಸ್ಕಾರ, ಹೊಳಿಯಮ್ಮ," ಎಂದಿತು ಯಂತ್ರ. ಎದುರಿನ ಕಪಾಟಿನ ಮೇಲೆ ಅವಳೇ ಕೂತು ನೋಡುತ್ತಿದ್ದಳು. ಬರೀ ತಲೆ.

ಚೀರಬೇಕೆಂದು ಬಾಯಿ ತೆರೆದ ಮೇಲೆ ಅವನಿಗೆ ನೆನಪಾಯಿತು. ಅದು ವಿಗ್ ಇಡುವ ಪ್ಲಾಸ್ಟಿಕ್ ತಲೆ. "ನನ್ನ ಜಡಿ ಮಣ್ಣಾಗ ಹಾಕಬ್ಯಾಡ್ರಿ, ಛಲೋ ಮಾಲು ಐತಿ" ಎಂದು ಹೊಳಿಯಮ್ಮ ಸಾಯುವ ಮುನ್ನ ಹೇಳಿದ್ದಳು. ಆ ಜಡೆಯಿಂದಲೇ ಮಾಡಿದ ವಿಗ್ಗು ಅದರ ಮೇಲಿತ್ತು. ಬೆಳಗಿನ ಬಿಸಿಲು ಆ ಮುಖಕ್ಕೆ ಬಿದ್ದೊಡನೆ ಯಂತ್ರ ಅದನ್ನೇ ಹೊಳಿಯಮ್ಮನೆಂದು ತಿಳಿದು, ಯಾರೂ ಬರುವ ಮುಂಚೆಯೇ ನಿತ್ಯವೂ ಹಾಜರಿ ಹಾಕುತ್ತ ಬಂದಿತ್ತು. ಸಂಗತಿ ತಿಳಿದು ಎಲ್ಲರೂ ನಗುತ್ತ ಒಳಗೆ ಬಂದರು.

ಮೇಡಂ ಬಂದಾಗ ಒಂದು ಕೈಯೂ ಕೆಳಗಿರಲಿಲ್ಲ. ವೆಂಕೋಬನ ಜೀವ ತಂಪಾಯಿತು. ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಹಾಜರಿ ನೋಡಿ, ಒಂದು ದಿನವೂ ತಪ್ಪದೆ ಎಲ್ಲರಿಗಿಂತ ಮೊದಲು ಬರುವ ಹೊಳಿಯಮ್ಮ ಯಾರು, ಅವರನ್ನು ನೋಡಬೇಕು ಎಂದರು.

ಸತ್ತವಳ ಹಾಜರಿ ಎಂದರೆ ಸರಕಾರದ ಹಣ ಹೋದಂತೆಯೇ. ವಿಗ್ಗು ಸರಿಯಾಗಿ ಕೂರುವ ಬೋಳುತಲೆ ಅಲ್ಲಿ ಒಂದೇ ಇತ್ತು, ಸಾವ್ಕಾರ ವೆಂಕೋಬನನ್ನು ಸದ್ದಿಲ್ಲದೆ ಗೋದಾಮಿಗೆ ಎಳೆದೊಯ್ದ. ಬಾಷಾಬಿ ಕೂದಲು ಕತ್ತರಿಸುವ ಕತ್ತರಿಯಿಂದಲೇ ಮೀಸೆ ತೆಗೆದಳು. ಯಾರದೋ ಸೀರೆ ಬಂತು, ತಲೆಗೆ ವಿಗ್ಗು ಬಂತು. ತಣ್ಣಗಿನ ಆ ಕೂದಲು ಹೆಗಲಿಗೆ ಇಳಿದಾಗ ವೆಂಕೋಬನಿಗೆ ಅಳುವೇ ಬಂತು.

ಮೇಡಂ ಅವನಿಗೆ ಶಾಲು ಹೊದಿಸಿದರು. "ಇಂಥವರೇ ನಿಮ್ಮ ಪ್ರತಿನಿಧಿ ಆಗಬೇಕು. ಈಗಿರೋ ವೆಂಕೋಬ ಎಲ್ಲಿ?"

"ಇವತ್ತ ಬಂದಿಲ್ರಿ," ಎಂದ ಸಾವ್ಕಾರ, ನೆಲ ನೋಡುತ್ತ.

ಇಂಥ ದಿನವೇ ತಪ್ಪಿಸಿಕೊಂಡವನು ಬೇಡವೆಂದು ಮೇಡಂ ಅಂದದ್ದೇ ತಡ, ಕೆಲಸದವರು ಅದಕ್ಕೂ ಕೈ ಎತ್ತಿದರು. ಹೊಳಿಯಮ್ಮನ ಹಳೆಯ ಫೋಟೋ ಮಸುಕಾಗಿದೆ ಎಂದು ಮೇಡಂ ವೆಂಕೋಬನ ಮುಖವನ್ನೇ ಅವಳ ಹೆಸರಿನಲ್ಲಿ ಯಂತ್ರಕ್ಕೆ ತುಂಬಿಸಿ ಹೋದರು. ವಿಗ್ಗು ಸಂಜೆಯ ಪಾರ್ಸಲಿನಲ್ಲಿ ಹೋಯಿತು.

ಮರುದಿನ ವೆಂಕೋಬ ತನ್ನದೇ ಅಂಗಿ, ತನ್ನದೇ ಬೋಳುತಲೆಯಲ್ಲಿ ಯಂತ್ರದ ಮುಂದೆ ನಿಂತ.

"ನಮಸ್ಕಾರ, ಹೊಳಿಯಮ್ಮ. ಬನ್ನಿ."

ಮುಖ ಒರೆಸಿಕೊಂಡು ಮತ್ತೆ ನಿಂತ. ಅದೇ ಮಾತು. ಅವನು ಬೇಸತ್ತು ಪಕ್ಕಕ್ಕೆ ಸರಿದಾಗ, ಕಪಾಟಿನ ಮೇಲಿದ್ದ ಬೋಳು ಪ್ಲಾಸ್ಟಿಕ್ ತಲೆಯ ಮೇಲೆ ಬಿಸಿಲು ಬಿತ್ತು.

"ನಮಸ್ಕಾರ, ವೆಂಕೋಬ. ಬನ್ನಿ," ಎಂದಿತು ಯಂತ್ರ.

ವೆಂಕೋಬ ತನ್ನ ತಲೆ ಮುಟ್ಟಿ ನೋಡಿಕೊಂಡ. ತಣ್ಣಗಿತ್ತು.

ಹಿಂದೆಯೇ ಬಂದಿದ್ದ ಸಾವ್ಕಾರ ಆ ತಲೆಯನ್ನೂ ಇವನನ್ನೂ ಬಹಳ ಹೊತ್ತು ನೋಡಿದ.

"ವೆಂಕೋಬ ಒಳಗ ಅದಾನ. ಹೊಳಿಯಮ್ಮ ಸತ್ತಾಳ," ಎಂದ ಮೆಲ್ಲಗೆ. "ನೀನ ಹೇಳಪಾ, ನಿನಗ ಯಾರ ಹೆಸರಿನ್ಯಾಗ ಪಗಾರ ಕೊಡ್ಲಿ?"